ಮಗುವಿನ ಅಕ್ಷರಾಭ್ಯಾಸಕ್ಕೆ ಶೃಂಗೇರಿಯೋ, ಕೊಲ್ಲೂರೋ, ಬಾಸರವೋ?

ಮಗುವಿಗೆ ಮೂರು ತುಂಬುತ್ತಾ ಬಂದರೆ ಸಾಕು, ಅಜ್ಜಿ, ಅತ್ತೆ, ಪಕ್ಕದ ಮನೆಯವರು ಎಲ್ಲರೂ ಒಂದೇ ಮಾತು ಕೇಳುತ್ತಾರೆ: "ಅಕ್ಷರಾಭ್ಯಾಸ ಎಲ್ಲಿ ಮಾಡಿಸ್ತೀರಿ?" ಹಳೇ ಮೈಸೂರು, ಮಲೆನಾಡು, ಕರಾವಳಿಯವರ ಬಾಯಲ್ಲಿ ಬರುವುದು ಶೃಂಗೇರಿ ಇಲ್ಲವೇ ಕೊಲ್ಲೂರು. ಬೀದರ್, ಕಲಬುರಗಿ ಕಡೆಯವರು, ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರು ಗೋದಾವರಿ ದಂಡೆಯ ಬಾಸರದ ಹೆಸರನ್ನೂ ಸೇರಿಸುತ್ತಾರೆ. ಮೂರೂ ವಿದ್ಯೆಯ ತಾಯಿಯ ಸನ್ನಿಧಿಗಳೇ. ಆದರೆ ಕರೆದುಕೊಂಡು ಹೋಗುವುದು ಮೂರು ವರ್ಷದ ಕೂಸನ್ನು; ಅದಕ್ಕೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಘಾಟಿಯ ತಿರುವಿನಲ್ಲಿ ವಾಂತಿಯಾಗುತ್ತದೆ. ಆ ದೃಷ್ಟಿಯಿಂದ ನೋಡಿದಾಗ ಮೂರು ಊರುಗಳೂ ಒಂದೇ ಅಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಮಗು, ಜೊತೆಗೆ ವಯಸ್ಸಾದ ಅಜ್ಜ-ಅಜ್ಜಿ, ಹೊರಡುವುದು ಬೆಂಗಳೂರು ಅಥವಾ ಮೈಸೂರಿನಿಂದ ಎಂದಾದರೆ ಶೃಂಗೇರಿಗೆ ಹೋಗಿ. ಅದೂ ನವರಾತ್ರಿ, ಬೇಸಿಗೆ ರಜೆ ಬಿಟ್ಟು ಒಂದು ಸಾಮಾನ್ಯ ಬುಧವಾರವೋ ಗುರುವಾರವೋ. ಮನೆಯಲ್ಲಿ ದೇವಿಯ ಉಪಾಸನೆ ಇದ್ದರೆ, ಅಕ್ಷರದ ಜೊತೆಗೆ ಸಂಗೀತ, ನೃತ್ಯಕ್ಕೂ ಶ್ರೀಕಾರ ಹಾಕಿಸುವ ಆಸೆಯಿದ್ದರೆ ಕೊಲ್ಲೂರು. ಹೈದರಾಬಾದ್, ನಿಜಾಮಾಬಾದ್, ಬೀದರ್ ಸುತ್ತಮುತ್ತ ಇರುವವರಿಗೆ ಬಾಸರ. ಓದಲು ಬರುವ ದೊಡ್ಡ ಮಕ್ಕಳಿದ್ದರೆ ಇನ್ನೊಂದು ಊರಿದೆ, ಗದಗ. ಅಲ್ಲಿ ಅಕ್ಷರಾಭ್ಯಾಸಕ್ಕೆ ಹೋಗುವುದಲ್ಲ. ಆದರೂ ಈ ಮಾತಿನಿಂದ ಅದನ್ನು ಹೊರಗಿಡಲು ನನಗೆ ಮನಸ್ಸಿಲ್ಲ.

ಯಾವುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು

ದೂರ, ಖರ್ಚು, ವಸತಿ ಇವನ್ನೆಲ್ಲ ಎಲ್ಲರೂ ಲೆಕ್ಕ ಹಾಕುತ್ತಾರೆ. ಅದಕ್ಕಿಂತ ಮೊದಲು ನೋಡಬೇಕಾದದ್ದು ಇನ್ನೊಂದಿದೆ ಎಂದು ನಾನು ನಂಬಿದ್ದೇನೆ: ಮಗುವಿನ ಬೆರಳು ಅಕ್ಕಿಯ ಮೇಲೆ, ಬಳಪ ಸ್ಲೇಟಿನ ಮೇಲೆ ಎಷ್ಟು ಹೊತ್ತು ಇರುತ್ತದೆ? ಅಕ್ಷರಾಭ್ಯಾಸ ಎಂದರೆ ಅಷ್ಟೇ ತಾನೆ. ಮಗು ತೊಡೆಯ ಮೇಲೆ ಕೂರುತ್ತದೆ. ಮುಂದೆ ಹರಿವಾಣದಲ್ಲಿ ಅಕ್ಕಿ. ಅಪ್ಪನೋ ಪುರೋಹಿತರೋ ಆ ಪುಟ್ಟ ತೋರುಬೆರಳನ್ನು ಹಿಡಿದು ಅಕ್ಕಿಯಲ್ಲಿ ಓಂಕಾರ ಬರೆಸುತ್ತಾರೆ. ಅಕ್ಕಿ ಸರಿದು ಹರಿವಾಣದ ತಳ ಗೆರೆಯಾಗಿ ಕಾಣುತ್ತದೆ. ಕೆಲವು ಮಕ್ಕಳು ಬೆರಳು ಬಿಗಿ ಹಿಡಿದುಕೊಳ್ಳುತ್ತವೆ, ಕೆಲವು ಅಂಗೈ ತುಂಬ ಅಕ್ಕಿ ಬಾಚಿ ಎರಚುತ್ತವೆ. ಎರಡನೇ ಸಲ, ಮೂರನೇ ಸಲ ಬರೆಸುವಾಗ ಮಗುವಿನ ಕೈ ಸಡಿಲವಾಗಿ, ಅದೇ ಕಣ್ಣರಳಿಸಿ ಗೆರೆ ನೋಡತೊಡಗುತ್ತದೆ. ಆ ಮೂರನೇ ಸಲ ಸಿಗಬೇಕಾದರೆ ಹಿಂದೆ ನೂರು ಜನ ಕಾಯುತ್ತಿರಬಾರದು.

ಹಾಗಾಗಿ ದೇವಸ್ಥಾನದಷ್ಟೇ ದಿನದ ಆಯ್ಕೆಯೂ ಮುಖ್ಯ. ವಿಜಯದಶಮಿಯಂದು ಮುಹೂರ್ತ ಕೇಳಬೇಕಿಲ್ಲ ಎಂಬ ನಂಬಿಕೆಯಿಂದ ಶೃಂಗೇರಿ, ಕೊಲ್ಲೂರು ಎರಡೂ ತುಂಬಿ ತುಳುಕುತ್ತವೆ. ಬಾಸರದಲ್ಲಿ ಅದೇ ಗದ್ದಲ ಮಾಘ ಶುದ್ಧ ಪಂಚಮಿಯಂದು, ಅಂದರೆ ವಸಂತ ಪಂಚಮಿಗೆ. ನವರಾತ್ರಿಯ ಮೂಲಾ ನಕ್ಷತ್ರದ ದಿನವೂ ಹಾಗೆಯೇ. ಆ ದಿನಗಳಿಗೆ ಅವುಗಳದೇ ಸೊಬಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಸರದಿಯಲ್ಲಿ ಗಂಟೆಗಟ್ಟಲೆ ನಿಂತು ಅತ್ತು ಸುಸ್ತಾದ ಮಗುವಿಗೆ ಅರೆನಿಮಿಷದಲ್ಲಿ ಒಂದು ಗೆರೆ ಎಳೆಸಿ ಎಬ್ಬಿಸುವುದನ್ನು ನೋಡಿದರೆ ಸಂಕಟವಾಗುತ್ತದೆ. ಮನೆ ಪುರೋಹಿತರನ್ನು ಕೇಳಿ ಬೇರೊಂದು ಒಳ್ಳೆಯ ದಿನ ಗೊತ್ತುಮಾಡಿಕೊಳ್ಳಿ. ಮೂರೂ ಕಡೆ ಅಕ್ಷರಾಭ್ಯಾಸ ವರ್ಷವಿಡೀ ನಡೆಯುತ್ತದೆ.

ಶೃಂಗೇರಿ

ಚಿಕ್ಕಮಗಳೂರು ಜಿಲ್ಲೆ, ತುಂಗೆಯ ದಂಡೆ, ಬೆಂಗಳೂರಿನಿಂದ ಸುಮಾರು 320 ಕಿ.ಮೀ. ಸುಡು ಬಿಸಿಲಿನಲ್ಲಿ ಪ್ರಸವವೇದನೆಯಿಂದ ನರಳುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆಯೆತ್ತಿ ನೆರಳು ಕೊಟ್ಟಿದ್ದನ್ನು ಕಂಡು ಶಂಕರಾಚಾರ್ಯರು ಇಲ್ಲಿ ಪೀಠ ಸ್ಥಾಪಿಸಿದರೆಂಬ ಐತಿಹ್ಯವನ್ನು ದಾರಿಯಲ್ಲೇ ಮಗುವಿಗೆ ಹೇಳಿರಿ. ನದಿಗಿಳಿಯುವ ಮೆಟ್ಟಿಲ ಬಳಿ ಆ ಕಪ್ಪೆ-ಹಾವಿನ ಶಿಲ್ಪವಿದೆ, ಅದನ್ನು ಕಪ್ಪೆ ಶಂಕರ ಎನ್ನುತ್ತಾರೆ. ಕಥೆ ಕೇಳಿದ ಮಗು ಅದನ್ನು ತಾನೇ ಹುಡುಕುತ್ತದೆ.

ಶಂಕರರು ಮೊದಲು ಪ್ರತಿಷ್ಠಾಪಿಸಿದ್ದು ಶ್ರೀಚಕ್ರದ ಮೇಲೆ ಗಂಧದ ಮರದ ಮೂರ್ತಿ, ಹದಿನಾಲ್ಕನೇ ಶತಮಾನದಲ್ಲಿ ಅದರ ಜಾಗಕ್ಕೆ ಚಿನ್ನದ ಮೂರ್ತಿ ಬಂತು ಎಂಬುದು ಮಠದ ಪರಂಪರೆ. 1791ರಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯದ ದಾಳಿಯಲ್ಲಿ ಮಠ ಲೂಟಿಯಾಯಿತು. ಶಾರದೆಯ ಪುನಃಪ್ರತಿಷ್ಠೆಗೆ ಟಿಪ್ಪು ಸುಲ್ತಾನ್ ಹಣ, ಧಾನ್ಯ ಕಳಿಸಿಕೊಟ್ಟ. ಅವನು ಆಗಿನ ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ನಾವೀಗ ಕಾಣುವ ಶಾರದೆಯ ಕಲ್ಲಿನ ಗುಡಿಗೆ ಕುಂಭಾಭಿಷೇಕವಾದದ್ದೂ ಅದೇ 1916ರಲ್ಲಿ. ಅಂದರೆ ಪೀಠ ಪುರಾತನವಾದರೂ ಗುಡಿಯ ಕಟ್ಟಡ ನಮ್ಮ ಮುತ್ತಜ್ಜಂದಿರ ಕಾಲದ್ದು.

ಹಳೆಯ ಕಟ್ಟಡ ನೋಡಬೇಕೆನ್ನುವವರು ಪಕ್ಕದ ವಿದ್ಯಾಶಂಕರ ದೇಗುಲಕ್ಕೆ ಬನ್ನಿ. ಹದಿನಾಲ್ಕನೇ ಶತಮಾನದ್ದು, ವಿಜಯನಗರದ ಆರಂಭಕಾಲದ ಕೆಲಸ. ಒಳಗಿನ ಹನ್ನೆರಡು ಕಂಬಗಳು ಹನ್ನೆರಡು ರಾಶಿಗಳಿಗೆ ಸೇರಿದವು. ಸೂರ್ಯ ಯಾವ ರಾಶಿಯಲ್ಲಿರುತ್ತಾನೋ ಆ ಕಂಬದ ಮೇಲೆ ಬೆಳಗಿನ ಬಿಸಿಲು ಬೀಳುವಂತೆ ಕಟ್ಟಿದ್ದಾರೆ ಎನ್ನುತ್ತಾರೆ. ಕಂಬದ ಮೇಲಿನ ಸಿಂಹದ ಬಾಯಲ್ಲಿ ಕಲ್ಲಿನ ಗುಂಡಿದೆ, ಅದು ಒಳಗೇ ಉರುಳುತ್ತದೆ, ಹೊರಗೆ ಬರುವುದಿಲ್ಲ. ದೊಡ್ಡವರು ಮಗುವನ್ನು ಎತ್ತಿ ಹಿಡಿದು ತೋರಿಸುವುದು ಅದನ್ನೇ. ಒಂದೇ ಕಲ್ಲನ್ನು ಬಿಡಿಸಿ ಬಾಯೊಳಗೇ ಗುಂಡು ಕೆತ್ತಿದ ಆ ಶಿಲ್ಪಿಯ ಕೈ ಹೇಗೆ ಪಳಗಿರಬೇಕು ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ. ವಿದ್ಯೆ ಎಂದರೆ ಅದೂ ವಿದ್ಯೆಯೇ, ಅಕ್ಷರ ಕಲಿಯಲು ಬಂದ ದಿನ ನೋಡಲು ಅದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗದು.

ಶೃಂಗೇರಿಯನ್ನು ನಾನು ಮೊದಲಿಗೆ ಇಡಲು ಕಾರಣ ಊರಿನ ವಿಶಾಲತೆ. ಶಾರದೆಯ ಗುಡಿ, ವಿದ್ಯಾಶಂಕರ ದೇಗುಲ, ನದಿಯ ಮೆಟ್ಟಿಲು ಎಲ್ಲ ಒಂದೇ ಆವರಣದಲ್ಲಿ. ಮಧ್ಯೆ ಮಕ್ಕಳು ಓಡಾಡಲು ಬೇಕಾದಷ್ಟು ಬಯಲು. ಅಕ್ಷರಾಭ್ಯಾಸ ಬೆಳಗಿನ ಹೊತ್ತು. ಸೇವಾ ಕೌಂಟರಿನಲ್ಲಿ ರಸೀದಿ ಮಾಡಿಸಿದರೆ ಮುಂದಿನದನ್ನು ಅವರೇ ಹೇಳುತ್ತಾರೆ. ಮುಗಿಸಿ ಹೊಳೆಯ ಮೆಟ್ಟಿಲಿಗೆ ಹೋದರೆ ಮಂಡಕ್ಕಿ ಎಸೆದ ಕಡೆಗೆ ಮೊಳದುದ್ದದ ಮೀನುಗಳು ಮುಗಿಬೀಳುತ್ತವೆ. ಇಲ್ಲಿ ಮೀನು ಹಿಡಿಯುವಂತಿಲ್ಲ, ಅವೂ ದೇವರ ಮೀನುಗಳೇ. ಸೇತುವೆ ದಾಟಿದರೆ ಆಚೆ ದಂಡೆಯಲ್ಲಿ ನರಸಿಂಹವನ, ಗುರುಗಳ ನಿವಾಸ. ಮಧ್ಯಾಹ್ನ ಎಲೆ ಮುಂದೆ ಕೂತರೆ ಬಿಸಿ ಅನ್ನ, ಸಾರು, ಪಾಯಸದ ಪ್ರಸಾದ. ಊಟವಾದ ಮೇಲೆ ಮಗು ನಿದ್ದೆಹೋದರೆ ದಿನ ಸಾರ್ಥಕವಾದಂತೆಯೇ.

ತೊಡಕುಗಳೂ ಇವೆ. ಶೃಂಗೇರಿಗೆ ರೈಲಿಲ್ಲ, ಶಿವಮೊಗ್ಗದಲ್ಲೋ ಉಡುಪಿಯಲ್ಲೋ ಇಳಿದು ರಸ್ತೆ ಹಿಡಿಯಬೇಕು. ಉಡುಪಿ ಕಡೆಯಿಂದ ಬಂದರೆ ಆಗುಂಬೆ ಘಾಟಿ, ಹದಿನಾಲ್ಕು ತಿರುವು. ಚಿಕ್ಕಮಗಳೂರು, ಬಾಳೆಹೊನ್ನೂರಿನ ದಾರಿಯೂ ತೋಟಗಳ ನಡುವಿನ ಸುತ್ತುದಾರಿಯೇ, ಹಾಗಾಗಿ ಹೊರಡುವ ಮುಂಚೆ ಮಗುವಿಗೆ ಹೊಟ್ಟೆ ತುಂಬ ತಿನ್ನಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆ. ತುಂಗೆ ಕೆಂಪಾಗಿ ಏರಿದಾಗ ಮೆಟ್ಟಿಲ ಬಳಿ ಮಕ್ಕಳನ್ನು ಬಿಡುವ ಹಾಗೇ ಇಲ್ಲ. ಉಡುಗೆಯ ನಿಯಮವೂ 2024ರಿಂದ ಬಿಗಿಯಾಗಿದೆ: ಗಂಡಸರಿಗೆ ಪಂಚೆ-ಶಲ್ಯ, ಹೆಂಗಸರಿಗೆ ಸೀರೆ ಅಥವಾ ದುಪಟ್ಟಾ ಸಮೇತ ಚೂಡಿದಾರ. ಪ್ಯಾಂಟ್‌ ಹಾಕಿಕೊಂಡು ಹೋಗಿ ದೂರದಿಂದ ಕೈಮುಗಿದು ಬರುವುದಕ್ಕಿಂತ ಚೀಲದಲ್ಲಿ ಒಂದು ಪಂಚೆ ಇಟ್ಟುಕೊಳ್ಳುವುದು ಲೇಸು.

ನವರಾತ್ರಿಯಲ್ಲಿ ಶಾರದೆಗೆ ದಿನಕ್ಕೊಂದು ಅಲಂಕಾರ, ಸಂಜೆ ಜಗದ್ಗುರುಗಳ ದರ್ಬಾರು. ನೋಡಲೇಬೇಕಾದ ವೈಭವ. ಅದಕ್ಕೆ ಇನ್ನೊಮ್ಮೆ ಬನ್ನಿ, ಮಗು ಸ್ವಲ್ಪ ದೊಡ್ಡದಾದ ಮೇಲೆ.

ಕೊಲ್ಲೂರು

ಉಡುಪಿ ಜಿಲ್ಲೆಯ ಕೊಲ್ಲೂರಿಗೆ ಬೆಂಗಳೂರಿನಿಂದ ಸುಮಾರು 430 ಕಿ.ಮೀ. ಆದರೂ ರೈಲಿನಲ್ಲಿ ಹೋಗುವವರಿಗೆ ಇದೇ ಸುಲಭ. ಕಾರವಾರದ ರಾತ್ರಿ ರೈಲು ಹತ್ತಿ ಮಗುವನ್ನು ಮಲಗಿಸಿದರೆ ಬೆಳಿಗ್ಗೆ ಬೈಂದೂರಿನಲ್ಲಿ ಇಳಿಯಬಹುದು; ನಿಲ್ದಾಣದ ಹೆಸರೇ ಮೂಕಾಂಬಿಕಾ ರೋಡ್ ಬೈಂದೂರು. ಅಲ್ಲಿಂದ ದೇವಸ್ಥಾನಕ್ಕೆ 28 ಕಿ.ಮೀ. ಆಸುಪಾಸು. ಘಾಟಿ ಹತ್ತುವ ಗೋಜಿಲ್ಲ. ಕಾರಿನಲ್ಲಿ ವಾಂತಿ ಮಾಡುವ ಮಕ್ಕಳಿರುವ ಮನೆಯವರು ಈ ಒಂದು ಕಾರಣಕ್ಕೇ ಶೃಂಗೇರಿ ಬಿಟ್ಟು ಕೊಲ್ಲೂರಿಗೆ ಹೋದರೂ ತಪ್ಪಿಲ್ಲ.

ಕೊಡಚಾದ್ರಿಯ ಬುಡ, ಸೌಪರ್ಣಿಕಾ ಹೊಳೆ, ಸುತ್ತ ಕಾಡು. ಗರ್ಭಗುಡಿಯಲ್ಲಿ ದೇವಿಯ ಮೂರ್ತಿಯ ಮುಂದೆ ಸ್ವರ್ಣರೇಖೆಯಿರುವ ಲಿಂಗ, ಅಭಿಷೇಕದ ಹೊತ್ತಿನಲ್ಲಿ ಅದರ ದರ್ಶನ. ಒಂದನ್ನು ತಿಳಿದಿರಬೇಕು: ಶೃಂಗೇರಿಯ ಹಾಗೆ ಇದು ಕೇವಲ ಶಾರದೆಯ ಸನ್ನಿಧಿಯಲ್ಲ. ಮಹಾಕಾಳಿ, ಮಹಾಲಕ್ಷ್ಮಿ, ಮಹಾಸರಸ್ವತಿ ಮೂವರೂ ಒಂದಾದ ಶಕ್ತಿ ಮೂಕಾಂಬಿಕೆ. ವಿದ್ಯೆ ಬೇಡುವವರ ಪಕ್ಕದಲ್ಲೇ ಮದುವೆ, ವ್ಯಾಪಾರ, ಕಾಯಿಲೆ ಎಂದು ಹರಕೆ ಹೊತ್ತವರೂ ನಿಂತಿರುತ್ತಾರೆ. ಶಂಕರರ ಹಿಂದೆ ಹೊರಟ ದೇವಿ, ಗೆಜ್ಜೆಯ ಸದ್ದು ನಿಂತು ಅವರು ತಿರುಗಿ ನೋಡಿದ ಜಾಗದಲ್ಲಿ ನೆಲೆನಿಂತಳು ಎಂಬ ಕಥೆ ಕೇರಳದ ಮನೆಮನೆಯಲ್ಲೂ ಇದೆ. ಅದಕ್ಕೇ ಕೊಲ್ಲೂರಿನ ರಥಬೀದಿಯಲ್ಲಿ ಕನ್ನಡದಷ್ಟೇ ಮಲಯಾಳವೂ ಕಿವಿಗೆ ಬೀಳುತ್ತದೆ, ಅಂಗಡಿ ಬೋರ್ಡುಗಳಲ್ಲೂ ಕಾಣುತ್ತದೆ.

ವಿದ್ಯಾರಂಭದ ಕ್ರಮದಲ್ಲೂ ಆ ಬೆರಕೆ ಉಂಟು. ಕೇರಳದ ಪದ್ಧತಿಯಲ್ಲಿ ಚಿನ್ನದ ಉಂಗುರದಿಂದ ಮಗುವಿನ ನಾಲಗೆಯ ಮೇಲೆ ಬರೆಯುತ್ತಾರೆ, ಆಮೇಲೆ ಅಕ್ಕಿಯಲ್ಲಿ "ಹರಿಃ ಶ್ರೀ ಗಣಪತಯೇ ನಮಃ" ಎಂದು ಬರೆಸುತ್ತಾರೆ. ನಾಲಗೆಗೆ ತಣ್ಣನೆಯ ಲೋಹ ತಾಗಿದಾಗ ಮಕ್ಕಳ ಮುಖ ನೋಡಬೇಕು. ಅಳು ಮರೆತು ಒಂದು ಕ್ಷಣ ಸ್ತಬ್ಧವಾಗುತ್ತವೆ. ನಿಮಗೆ ಯಾವ ಕ್ರಮ ಬೇಕು, ಯಾವ ಲಿಪಿ ಬೇಕು ಎಂದು ಭಟ್ಟರಿಗೆ ಮೊದಲೇ ಹೇಳಿ.

ಕೊಲ್ಲೂರಿಗೆ ಮಾತ್ರ ಮೀಸಲಾದದ್ದು ಸರಸ್ವತಿ ಮಂಟಪ. ಹಾಡುಗಾರರು, ನೃತ್ಯಗಾರ್ತಿಯರು, ಚೆಂಡೆ ಬಾರಿಸುವವರು ದೇವಿಯ ಮುಂದೆ ತಮ್ಮ ಕಲೆಯನ್ನು ಒಪ್ಪಿಸುವ ಜಾಗ. ಗಾಯಕ ಯೇಸುದಾಸ್ ತಮ್ಮ ಹುಟ್ಟುಹಬ್ಬವಾದ ಜನವರಿ 10ರಂದು ಇಲ್ಲಿ ಬಂದು ಹಾಡುವುದನ್ನು ದಶಕಗಳ ಕಾಲ ನಡೆಸಿಕೊಂಡು ಬಂದವರು. ಪೂಜೆ ಮುಗಿಸಿ ಹೊರಟುಬಿಡದೆ ಆ ಮಂಟಪದ ಪಕ್ಕ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಯಾರೋ ಒಬ್ಬಳು ಹುಡುಗಿ ನಡುಗುವ ದನಿಯಲ್ಲಿ ಮೊದಲ ವರ್ಣ ಹಾಡುತ್ತಿರುತ್ತಾಳೆ, ಅವಳ ಗುರುಗಳು ಪಕ್ಕದಲ್ಲಿ ತಾಳ ಹಾಕುತ್ತಿರುತ್ತಾರೆ. ರಾತ್ರಿ ಉಳಿಯುವುದಾದರೆ ಕೊನೆಯ ಪೂಜೆಯ ನಂತರ ಕೊಡುವ ಕಷಾಯ ತೀರ್ಥ ತಪ್ಪಿಸಬೇಡಿ. ಶುಂಠಿ-ಮೆಣಸಿನ ಖಾರ ಗಂಟಲಿಗೆ ಹಿತ, ಮಕ್ಕಳಿಗೆ ಒಂದು ಹನಿ ಸಾಕು.

ಕೊರತೆಯೆಂದರೆ ಇಕ್ಕಟ್ಟು. ಒಳಪ್ರಾಕಾರ ಚಿಕ್ಕದು, ಶುಕ್ರವಾರ, ಭಾನುವಾರ, ಶಬರಿಮಲೆ ಯಾತ್ರೆಯ ದಿನಗಳಲ್ಲಿ ಸರದಿ ಬಲು ಉದ್ದ. ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು. ಓಡಾಡಿಕೊಂಡಿರುವ ಮಗುವನ್ನು ಶೃಂಗೇರಿಯಲ್ಲಿ ಬಿಟ್ಟ ಹಾಗೆ ಇಲ್ಲಿ ಬಿಡಲಾಗದು.

ಬಾಸರ

ತೆಲಂಗಾಣದ ನಿರ್ಮಲ್ ಜಿಲ್ಲೆ, ಗೋದಾವರಿ ತೀರ. ಹೈದರಾಬಾದಿನಿಂದ ಸುಮಾರು 200 ಕಿ.ಮೀ., ನಿಜಾಮಾಬಾದ್-ನಾಂದೇಡ್ ರೈಲು ಮಾರ್ಗದಲ್ಲಿ ಬಾಸರದ್ದೇ ನಿಲ್ದಾಣವಿದೆ. ಕುರುಕ್ಷೇತ್ರ ಯುದ್ಧ ಮುಗಿದ ಮೇಲೆ ಮನಶ್ಶಾಂತಿ ಹುಡುಕಿ ಬಂದ ವ್ಯಾಸರು ದಿನವೂ ಹೊಳೆಯಿಂದ ಮುಷ್ಟಿ ಮರಳು ತಂದು ಮೂವರು ದೇವಿಯರ ಮೂರ್ತಿ ಮಾಡಿದರೆಂಬುದು ಸ್ಥಳಪುರಾಣ. ಜ್ಞಾನಸರಸ್ವತಿಯ ಮುಖಕ್ಕೆ ಅರಿಶಿನ ಲೇಪಿಸುತ್ತಾರೆ, ಆ ಅರಿಶಿನವೇ ಪ್ರಸಾದ. ತಿಂದರೆ ಬುದ್ಧಿ ಚುರುಕಾಗುತ್ತದೆಂದು ಮಕ್ಕಳ ನಾಲಗೆಗೆ ಹಚ್ಚುತ್ತಾರೆ. ಕೆಲವು ಭಕ್ತರು ದೀಕ್ಷೆ ಹಿಡಿದು, ಊರಲ್ಲಿ ಭಿಕ್ಷೆ ಬೇಡಿ ಉಣ್ಣುತ್ತ ದಿನಗಟ್ಟಲೆ ಇಲ್ಲಿ ತಂಗುವುದುಂಟು; ಮಧುಕರ ಎನ್ನುತ್ತಾರೆ.

ಇಲ್ಲಿಗೆ ಬರುವವರ ಮುಖ್ಯ ಕೆಲಸವೇ ಅಕ್ಷರಾಭ್ಯಾಸ. ಸ್ಲೇಟು-ಬಳಪ ಹಿಡಿದ ಕುಟುಂಬಗಳು ಸಾಲಾಗಿ ಕೂರುತ್ತವೆ, ಪುರೋಹಿತರು ಮಂತ್ರ ಹೇಳಿಸುತ್ತ ಒಬ್ಬೊಬ್ಬರ ಬಳಿ ಬರುತ್ತಾರೆ. ಸುತ್ತ ತನ್ನ ವಯಸ್ಸಿನದೇ ಮಕ್ಕಳನ್ನು ಕಂಡ ಮಗುವಿಗೆ ಹೆದರಿಕೆ ಕಡಿಮೆ, ಅದು ಬಾಸರದ ದೊಡ್ಡ ಅನುಕೂಲ. ತೆಲುಗು ಸಂಪ್ರದಾಯದಲ್ಲಿ "ಓಂ ನಮಃ ಶಿವಾಯ ಸಿದ್ಧಂ ನಮಃ" ಎಂದು ಬರೆಸುತ್ತಾರೆ. ಬರೆಸುವ ಲಿಪಿ ತೆಲುಗು. ನನ್ನ ಮಟ್ಟಿಗೆ ಮಗುವಿನ ಮೊದಲ ಅಕ್ಷರ ಕನ್ನಡದ್ದೇ ಆಗಬೇಕು, ಅದರಲ್ಲಿ ರಾಜಿಯಿಲ್ಲ. ಕನ್ನಡದ "ಅ"ಗೂ ತೆಲುಗಿನದಕ್ಕೂ ಅಂಥ ವ್ಯತ್ಯಾಸವಿಲ್ಲದ್ದರಿಂದ ಅಲ್ಲೇ ಸ್ಲೇಟಿನಲ್ಲಿ "ಅ" ಬರೆಸಿ ಮುಂದುವರಿಸಿದರಾಯಿತು.

ಏಪ್ರಿಲ್, ಮೇ ತಿಂಗಳಲ್ಲಿ ಹೋಗಬೇಡಿ. ಆ ಕಡೆಯ ಬಿಸಿಲು ಬಯಲುಸೀಮೆಯವರಿಗೂ ಕಷ್ಟ, ಗೋದಾವರಿಯಲ್ಲೂ ನೀರು ಇಳಿದಿರುತ್ತದೆ. ನವೆಂಬರ್‌ನಿಂದ ಜನವರಿ ಒಳ್ಳೆಯದು. ಬೆಂಗಳೂರಿನಿಂದ ಇದೊಂದಕ್ಕೇ ಅಷ್ಟು ದೂರ ಹೋಗಿ ಎಂದು ನಾನು ಹೇಳಲಾರೆ.

ಗದಗ, ಓದುವ ಮಕ್ಕಳಿಗೆ

ತ್ರಿಕೂಟೇಶ್ವರ ದೇವಸ್ಥಾನದ ಆವರಣದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಸರಸ್ವತಿ ಗುಡಿ ಇದೆ. ಹನ್ನೊಂದನೇ ಶತಮಾನದ್ದು, ಶೃಂಗೇರಿಯ ಆ ಎರಡೂ ಗುಡಿಗಳಿಗಿಂತ ಹಳೆಯದು. ಮೂರ್ತಿ ಭಗ್ನವಾಗಿದೆ. ಆದರೆ ಮುಂದಿನ ಮಂಟಪದ ಕಂಬಗಳ ಮೇಲೆ ಬೆರಳಗಲ ಜಾಗ ಬಿಡದೆ ಕೆತ್ತಿದ್ದಾರೆ, ಚಿನ್ನದ ಕೆಲಸದಷ್ಟು ಸೂಕ್ಷ್ಮ. ಒಂದೊಂದು ಕಂಬದ ವಿನ್ಯಾಸವೂ ಬೇರೆ. ಸರಸ್ವತಿಗೆಂದೇ ಇಷ್ಟು ಶ್ರದ್ಧೆಯಿಂದ ಕಟ್ಟಿದ ಹಳೆಯ ಗುಡಿ ಕನ್ನಡನಾಡಿನಲ್ಲಿರುವುದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮೊದಲೇ ಹೇಳಿದಂತೆ ಅಕ್ಷರಾಭ್ಯಾಸದ ಗಡಿಬಿಡಿ ಇಲ್ಲಿಲ್ಲ, ಸರದಿಯಿಲ್ಲ.

ಅದೇ ಊರಿನ ವೀರನಾರಾಯಣ ದೇವಸ್ಥಾನದಲ್ಲಿ ಕುಮಾರವ್ಯಾಸ ಒರಗಿ ಕುಳಿತು ಭಾರತ ಬರೆದ ಕಂಬವನ್ನು ತೋರಿಸುತ್ತಾರೆ. ಮಿಂದು ಒದ್ದೆಬಟ್ಟೆಯಲ್ಲೇ ಬಂದು ಕೂರುತ್ತಿದ್ದ, ಬಟ್ಟೆ ಆರುವವರೆಗೂ ಪದ್ಯ ಹೊಮ್ಮುತ್ತಿತ್ತು ಎಂಬುದು ಜನರ ಮಾತು. ಹನ್ನೆರಡು ಕಿ.ಮೀ. ಆಚೆ ಲಕ್ಕುಂಡಿ; ಪೊನ್ನನ ಕಾವ್ಯವನ್ನು ಸಾವಿರ ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ ಅಲ್ಲಿದೆ. ಎಂಟು-ಹತ್ತು ವರ್ಷದ, ಕನ್ನಡ ಓದಬಲ್ಲ ಮಗುವಿಗೆ ಈ ಮೂರನ್ನೂ ಒಂದೇ ದಿನದಲ್ಲಿ ತೋರಿಸಬಹುದು. ಹುಬ್ಬಳ್ಳಿಯಿಂದ ಗದಗಕ್ಕೆ ರೈಲೂ ಇದೆ, ಬಸ್ಸೂ ಇದೆ.

ಉಳಿದ ಕೆಲವು

ತಮಿಳುನಾಡಿನಲ್ಲಿರುವವರಿಗೆ ತಿರುವಾರೂರು ಜಿಲ್ಲೆಯ ಕೂತನೂರು ಹತ್ತಿರ. ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಗಳು ಪೆನ್ನು, ಪುಸ್ತಕ ಇಟ್ಟು ಪೂಜಿಸಿಕೊಂಡು ಹೋಗುವ ಸರಸ್ವತಿ ಗುಡಿ. ಕೇರಳದಲ್ಲಿ ಕೋಟ್ಟಯಂ ಬಳಿಯ ಪನಚ್ಚಿಕ್ಕಾಡ್, ಬಳ್ಳಿಗಳ ಹಸಿರಿನಡಿ ಮರೆಯಾದ ದೇವಿ. ದಕ್ಷಿಣ ಮೂಕಾಂಬಿಕೆ ಎಂದೇ ಹೆಸರು.

"ನಮಸ್ತೇ ಶಾರದೇ ದೇವಿ ಕಾಶ್ಮೀರಪುರವಾಸಿನಿ" ಎಂದು ದಿನವೂ ಹೇಳಿಕೊಳ್ಳುವ ನಾವು ಆ ಮೂಲ ಶಾರದಾಪೀಠಕ್ಕೆ ಹೋಗುವ ಹಾಗಿಲ್ಲ. ಅದು ಗಡಿಯಾಚೆ, ಪಾಕಿಸ್ತಾನದ ಹಿಡಿತದಲ್ಲಿರುವ ನೀಲಂ ಕಣಿವೆಯಲ್ಲಿ, ಪಾಳುಬಿದ್ದು ನಿಂತಿದೆ. ಈಚೆ ಬದಿಯ ಟೀಟ್ವಾಲ್‌ನಲ್ಲಿ 2023ರ ಮಾರ್ಚ್‌ನಲ್ಲಿ ಹೊಸ ಶಾರದಾ ಮಂದಿರ ತೆರೆಯಿತು. ಅಲ್ಲಿನ ಪಂಚಲೋಹದ ಮೂರ್ತಿ ಹೋದದ್ದು ನಮ್ಮ ಶೃಂಗೇರಿಯಿಂದ. ಗಡಿರೇಖೆಯ ಪಕ್ಕದ ಊರು, ಚಿಕ್ಕ ಮಕ್ಕಳ ಜೊತೆಗೆ ಅಲ್ಲ. ದೊಡ್ಡವರೇ ಹೋಗುವುದಾದರೆ ಅನುಮತಿಯ ವಿಷಯ ವಿಚಾರಿಸಿಕೊಂಡು ಹೊರಡಿ.

ಎಲ್ಲಿಗೂ ಹೊರಡಲಾಗದ ಸ್ಥಿತಿಯಲ್ಲಿ, ತುಂಬು ಬಸುರಿಯೋ ಹಾಸಿಗೆ ಹಿಡಿದವರೋ ಮನೆಯಲ್ಲಿದ್ದಾಗ, ಬೆಂಗಳೂರಿನವರಿಗೆ ಶಂಕರಪುರದ ಶೃಂಗೇರಿ ಶಂಕರಮಠವೇ ಇದೆ. ಅಲ್ಲಿಯೂ ಶಾರದೆಯ ಸನ್ನಿಧಿಯಿದೆ. ಮೊದಲೇ ಫೋನು ಮಾಡಿ ದಿನ, ಸಮಯ ಕೇಳಿಕೊಳ್ಳಿ. ಎಲ್ಲಿಗೇ ಹೋದರೂ ಸ್ಲೇಟು ಮಾತ್ರ ಮನೆಯಿಂದ ಒಂದು ತೆಗೆದುಕೊಂಡು ಹೋಗಿ, ಮರದ ಚೌಕಟ್ಟಿನ ಕಲ್ಲಿನ ಸ್ಲೇಟು ಸಿಕ್ಕರೆ ಒಳ್ಳೆಯದು. ಶೃಂಗೇರಿ, ಕೊಲ್ಲೂರು ಎರಡೂ ಕಡೆ ಗುಡಿಯೊಳಗೆ ಫೋಟೋ ತೆಗೆಯುವಂತಿಲ್ಲ, ಆ ಸ್ಲೇಟೇ ನೆನಪಿಗೆ ಉಳಿಯುವುದು. ಮರುದಿನ ಬೆಳಿಗ್ಗೆ ಅದರ ಮೇಲೆ ಎರಡನೇ ಅಕ್ಷರವನ್ನು ಮನೆಯಲ್ಲೇ ಬರೆಸಿ, ಅದಕ್ಕೆ ರಸೀದಿ ಬೇಕಿಲ್ಲ.